ಸೋಮವಾರ, ಗುರುವಾರ, ಏಕಾದಶಿ ಮತ್ತು ನನ್ನ ಬಿಪಿ

ನಾ ಕೂತು ಬರೀಲಿಕ್ಕೆ ಹತ್ತೀನಿ ಅಂದ್ರ ನಮ್ಮ ಮನಿಯವರಿಗೆ ನಂಬಿಕಿ ಇಲ್ಲ. ಎರಡ ಸಲ ಬಂದು ಇಣಿಕಿ ಹಾಕಿ ಹೋದ್ರು. ಅವರದೂ ತಪ್ಪಲ್ಲ ಬಿಡ್ರಿ. ಮದಿವಿ ಆಗಿ ಇಪ್ಪತ್ತೇಳು ವರ್ಷದಾಗ ನಾ ಸುಮ್ಮನ ಕೂತದ್ದನ್ನ ಅವರು ನೋಡಿದ್ದು ಕಡಿಮಿ. ಕೂತ್ರ ಕಾಲು ತಾನ ಅಲಗ್ಯಾಡತದ, ಕಾಲು ಹಿಡದ್ರ ಕೈ ಏನರೆ ಹುಡಕತದ. ಟಿವಿ ಮುಂದ ಕೂತ್ರೂ ಉಡ್ಯಾಗ ಶೇಂಗಾ ಸುಲಿಯೂದು ಇರಬೇಕು. ಆದ್ರ ಇದನ್ನ ಬರೀಬೇಕು ಅಂತ ಹಟಾ ಹಿಡದು ಕೂತೀನಿ. ಯಾಕಂದ್ರ ನಾ ಮಾಡಿದ ತಪ್ಪನ್ನ ನಾ ಒಬ್ಬಾಕಿನ ಮಾಡಿಲ್ಲ. ಇವತ್ತೂ ಎಷ್ಟ ಮನ್ಯಾಗ ಎಷ್ಟ ಹೆಂಗಸರು ಮಾಡ್ಲಿಕ್ಕೆ ಹತ್ತ್ಯಾರೋ, ದೇವರಿಗೇ ಗೊತ್ತು.

ನನ್ನ ಹೆಸರು ವಿಜಯಾ. ವಯಸ್ಸು ಐವತ್ತೊಂದು. ತವರು ಮನಿ ಧಾರವಾಡ, ಮದಿವಿ ಆದಾಗಿಂದ ಪುಣೆ. ಗುಲ್ಟೇಕಡಿ ಹತ್ರ ಒಂದ ಸಣ್ಣ ಪೋಳಿ-ಭಾಜಿ ಕೇಂದ್ರ ನಡಸತೀನಿ. ಚಪಾತಿ, ಎರಡು ನಮೂನಿ ಪಲ್ಯ, ಆಮಟಿ ಅಂದ್ರ ಬ್ಯಾಳಿ ಸಾರು. ಯಾರರೆ ಹೇಳಿದ್ರ ಹೋಳಿಗಿ. ಗಿರಾಕಿ ಕೂಡ ಮರಾಠಿ, ಮನ್ಯಾಗ ಕನ್ನಡ, ಸಿಟ್ಟು ಬಂತಂದ್ರ ಎರಡೂ. ನಮ್ಮ ಮನಿಯವರು ಕುರಕುಂಭದಾಗ ಒಂದ ಕೆಮಿಕಲ್ ಕಂಪನ್ಯಾಗ ಸ್ಟೋರ್ ನೋಡತಾರ. ಕಂಪನಿ ಬಸ್ಸಿಗೆ ಹೋಗಿ ಬಸ್ಸಿಗೇ ಬರತಾರ, ಗುರುವಾರ ಸೂಟಿ. ಮಗಳು ಮಾನಸಿ ಇನ್ನೂ ಓದಲಿಕ್ಕೆ ಹತ್ತ್ಯಾಳ.

ನನ್ನ ನೋಡಿದವರು ಯಾರೂ ದಪ್ಪ ಇದ್ದಾಳ ಅನ್ನಂಗಿಲ್ಲ. ಕೈಕಾಲು ಸಣ್ಣ, ಮುಖಾ ಸಣ್ಣ. ಹೊಟ್ಟಿ ಒಂದು ಮುಂದ ಬಂದಿತ್ತು, ನೆರಗಿ ಸ್ವಲ್ಪ ಮ್ಯಾಲೆ ಚುಚ್ಚಿದ್ರ ಅದೂ ಕಾಣತಿದ್ದಿಲ್ಲ. ದಿನಾ ಆರು ತಾಸು ಹಂಚಿನ ಮುಂದ ನಿಂತಾಕಿಗೆ ಕೊಬ್ಬು ಎಲ್ಲಿಂದ ಬರಬೇಕು ಅಂತ ನನಗ ಭಾಳ ಧೈರ್ಯ.

ಬಿಪಿ ಮಾತ್ರ ಆರು ವರ್ಷದಿಂದ ಅದ. ಮೊದಲ ಒಂದ ಗುಳಿಗಿ ಇತ್ತು. ಆಮ್ಯಾಲೆ ಎರಡಾತು. ಹೋದ ವರ್ಷ ಮೂರನೇದು ಕೊಟ್ರು. ನಮ್ಮ ಡಾಕ್ಟರ್ ಮ್ಯಾಡಮ್ ಭಾಳ ಶಾಂತ ಸ್ವಭಾವದವರು, ಆದ್ರ ನನ್ನ ತೋಳಿನ ಪಟ್ಟಿ ಬಿಚ್ಚುವಾಗೆಲ್ಲಾ ಅವರ ಹುಬ್ಬು ಗಂಟ ಬೀಳೂದು. "ವಿಜಯಾತಾಈ, ಗುಳಿಗಿ ದಿನಾ ತಗೋತೀರಿ ಹೌದಲ್ಲೋ?" ಅಂತ ಪ್ರತಿ ಸಲ ಕೇಳೋರು. "ಹೌದ್ರಿ, ಒಂದ ದಿನಾ ಬಿಟ್ಟಿಲ್ಲ," ಅಂತ ಪ್ರತಿ ಸಲ ನಾ ಎದಿ ಮ್ಯಾಲೆ ಕೈ ಇಟ್ಟು ಹೇಳತಿದ್ದೆ. ಅವರು ಮರಾಠ್ಯಾಗ ಕೇಳೋರು, ನಾನೂ ಮರಾಠ್ಯಾಗ ಹೇಳತಿದ್ದೆ. ಇಲ್ಲೆ ಎಲ್ಲಾನೂ ಕನ್ನಡದಾಗ ಬರೀತೀನಿ. ನಾ ಸುಳ್ಳ ಹೇಳತಿದ್ದಿಲ್ಲ. ನನ್ನ ಮನಸಿಗೆ ಅದು ಖರೇನ ಇತ್ತು.

ಮೂರನೇ ಗುಳಿಗಿ ಸುರು ಆಗಿ ಸ್ವಲ್ಪ ದಿನಕ್ಕ, ಒಂದ ಶನಿವಾರ ಮುಂಜಾನೆ ಮಾರ್ಕೆಟ್ ಯಾರ್ಡ್‌ಗೆ ಕಾಯಿಪಲ್ಯೆ ತರಲಿಕ್ಕೆ ಹೋಗಿದ್ದೆ. ಮೆಂತ್ಯೆ ಸೂಡು ಆರಿಸಿಕೋತ ನಿಂತಾಕಿಗೆ ಕಣ್ಣಿಗೆ ಒಮ್ಮೆಲೆ ಕತ್ತಲಿ ಬಂತು. ಬಟಾಟಿ ಚೀಲದ ಮ್ಯಾಲೆ ಕೈ ಊರಿದೆ, ಚೀಲಾನೂ ಜಾರಿದಂಗಾತು. ಒಬ್ಬ ವಯಸ್ಸಾದ ಹಮಾಲ ತನ್ನ ಬೆನ್ನ ಮ್ಯಾಲಿನ ಹೊರಿ ಕೆಳಗಿಟ್ಟು, "ಮಾವಶಿ, ಕೂಡ್ರಿ, ಕೂಡ್ರಿ," ಅಂತ ತನ್ನ ಬಾಟ್ಲಿ ನೀರು ಕೊಟ್ಟ. ಹಿಂದ ಒಂದ ಟೆಂಪೋ ಹಾರ್ನ್ ಹೊಡೀಲಿಕ್ಕೆ ಹತ್ತಿತ್ತು, ಅದರ ಡ್ರೈವರ್‌ನ ಇಂವನ ಬೈದು ನಿಲ್ಲಿಸಿದ. ಅಂವಾ ಯಾರೋ, ಎಲ್ಲ್ಯಾಂವೋ. ಇವತ್ತಿಗೂ ಅವಂಗ ಒಂದ ಹೋಳಿಗಿ ಕೊಡಬೇಕಂತ ಹುಡಕತೀನಿ, ಸಿಕ್ಕಿಲ್ಲ.

ಮಾನಸಿ ರಿಕ್ಷಾ ಮಾಡಿಕೊಂಡು ಬಂದು ಕರಕೊಂಡು ಹೋದ್ಲು. ಮುಂದಿನ ಗುರುವಾರ ಮನಿಯವರ ಕೂಡ ಮ್ಯಾಡಮ್ ಹತ್ರ ಹೋದೆ. ತಲಿ ತಿರಗಿದ್ದು ಅಂದ್ರ ಬಿಪಿ ಇಳದಿರಬೇಕು ಅಂತ ಅವರು ಅಂದ್ಕೊಂಡಿದ್ರು. ನೋಡಿದ್ರ ನೂರಾ ಎಪ್ಪತ್ತೆರಡು. ಮತ್ತೊಮ್ಮೆ ಪಟ್ಟಿ ಸುತ್ತಿ ನೋಡಿದ್ರು, ಅಷ್ಟ. ಆಮ್ಯಾಲೆ ಎರಡು ತಪಾಸಣಿ ಬರದು ಕೊಟ್ರು. ಒಂದು ಹೊಟ್ಟಿ ಸೋನೊಗ್ರಫಿ, ಇನ್ನೊಂದು ರಕ್ತನಾಳ ಎಷ್ಟ ಬಿರುಸಾಗ್ಯಾವ ನೋಡೂದು. ಮನ್ಯಾಗ ಒಂದ ಬಿಪಿ ಮಷೀನ್ ತಂದು ಒಂದ ತಿಂಗಳ ದಿನಾ ಸಂಜಿಗೆ ನೋಡಿ ಬರದಿಡ್ರಿ ಅಂತಾನೂ ಹೇಳಿದ್ರು.

ಆ ತಪಾಸಣಿ ಸೆಂಟರ್‌ದಾಗ ಕಾಯೂದು ಅಂದ್ರ ನನ್ನಂಥಾಕಿಗೆ ಶಿಕ್ಷಾ. ಸ್ಟೀಲಿನ ಕುರ್ಚಿ, ಆರು ಕುರ್ಚಿಗೆ ಒಂದ ಸಳಿ. ನಾ ಕಾಲು ಅಲಗಸಲಿಕ್ಕೆ ಹತ್ತಿದ್ರ ಆರೂ ಮಂದಿ ಅಲಗ್ಯಾಡತಿದ್ರು. ಕಡೇ ಕುರ್ಚಿ ಮ್ಯಾಲಿನ ಅಜ್ಜಾರು, "ತಾಈ, ಭೂಕಂಪ ನಿಮ್ಮಿಂದ ಬಂದದೇನು?" ಅಂತ ಕೇಳಿದ್ರು. ಎಲ್ಲಾರೂ ನಕ್ಕರು. ನಾನೂ ನಕ್ಕೆ. ನಕ್ಕು ಎದ್ದು ನಿಂತೆ, ನಿಂತು ಬಾಗಲದ ತನಕಾ ಹೋದೆ, ಬಂದೆ, ಗ್ವಾಡಿ ಮ್ಯಾಲಿನ ಬೋರ್ಡು ಅಷ್ಟೂ ಓದಿದೆ. ಟೋಕನ್ ನಂಬರ್ ಕೈಯಾಗ ತೊಯ್ದು ಮೆತ್ತಗಾತು.

ಒಳಗ ಹೋದ್ರ ಎರಡೂ ತೋಳಿಗೆ, ಎರಡೂ ಕಾಲಿನ ಹರಡಿಗೆ ಪಟ್ಟಿ ಸುತ್ತಿದ್ರು. ಮಷೀನ್ ನಡಸೋ ಹುಡುಗಿ, "ಅಲಗ್ಯಾಡಬ್ಯಾಡ್ರಿ, ಮಾತಾಡಬ್ಯಾಡ್ರಿ," ಅಂದ್ಲು. ನಾಲ್ಕೂ ಪಟ್ಟಿ ಒಮ್ಮೇ ಬಿಗದವು. ಆವಾಗನ ಮೂಗು ತುರಸಲಿಕ್ಕೆ ಹತ್ತಬೇಕ! ಮೂರ ಸಲ ಮಾಡಬೇಕಾತು. ಮೂರನೇ ಸಲ ಆ ಹುಡುಗಿ ನನ್ನ ಹಣಿ ಮ್ಯಾಲೆ ಕೈ ಇಟ್ಟು, "ಕಾಕು, ಬರೇ ಎರಡ ನಿಮಿಷ," ಅಂದ್ಲು. ಆಕಿ ಕೈ ತಣ್ಣಗಿತ್ತು. ಆ ಎರಡ ನಿಮಿಷ ನಾ ಖರೇನ ಸುಮ್ಮನ ಮಲಗಿದೆ.

ರಿಪೋರ್ಟ್ ಬಂತು. ನನ್ನ ರಕ್ತನಾಳದ ವಯಸ್ಸು ಎಪ್ಪತ್ತರ ಹತ್ರ ಅಂತ. ಹೊಟ್ಟಿ ಒಳಗ, ಕರುಳು ಯಕೃತ್ತಿನ ಸುತ್ತಾ ಕೊಬ್ಬು ಕೂತದ ಅಂತ. ಹೊರಗ ಕಾಣೂ ಕೊಬ್ಬಿಗಿಂತ ಇದು ಕೆಟ್ಟದ್ದು ಅಂತ ಮ್ಯಾಡಮ್ ಅಂದಾಗ ನನಗ ಬಂದದ್ದು ಅಂಜಿಕಿ ಅಲ್ಲ, ಸಿಟ್ಟು. ನಮ್ಮ ಮ್ಯಾಲಿನ ಮನಿ ಕಾಕು ನನ್ನ ಎರಡರಷ್ಟ ಇದ್ದಾಳ, ಆಕಿ ಬಿಪಿ ಕೂಸಿನ ಬಿಪಿ. ನಾ ವಾರದಾಗ ಎರಡ ಉಪವಾಸ ಮಾಡಾಕಿ, ಏಕಾದಶಿ ಸಂಕಷ್ಟಿ ಬ್ಯಾರೆ, ನನ್ನ ಹೊಟ್ಟ್ಯಾಗ ಕೊಬ್ಬು? ಎಲ್ಲೆ ಅದ ನ್ಯಾಯ?

ಸ್ಕೂಟರ್ ಮ್ಯಾಲೆ ಮನಿಗೆ ಬರುವಾಗ ನಮ್ಮ ಮನಿಯವರು, "ಎಪ್ಪತ್ತು ಅಂದ್ರ ನನಗಿಂತ ಹದಿನಾಲ್ಕು ವರ್ಷ ದೊಡ್ಡಾಕಿ ಆದೆಲ್ಲ ಮಾರಾಯತಿ. ಇನ್ನ ದಿನಾ ಮುಂಜಾನೆ ನಾನ ನಿನಗ ನಮಸ್ಕಾರ ಮಾಡಬೇಕಾತು," ಅಂದ್ರು. ನಾ ಬೆನ್ನಿಗೊಂದ ಗುದ್ದಿದೆ. ಅವರು ನಗಸಲಿಕ್ಕೆ ಅಂದಿದ್ರು, ನನಗ ಗೊತ್ತಿತ್ತು. ಆದ್ರ ಸಿಗ್ನಲ್‌ದಾಗ ಗಾಡಿ ನಿಂತಾಗ ಕನ್ನಡ್ಯಾಗ ಅವರ ಮುಖಾ ಕಾಣಿಸ್ತು. ನಗೂ ಮುಖಾ ಆಗಿದ್ದಿಲ್ಲ ಅದು.

ನನ್ನ ಅಂಜಿಕಿ ಏನಂದ್ರ, ಸಾಯೂದಲ್ಲ. ನಮ್ಮ ಅವ್ವನಂಗ ಆಗೂದು.

ಅವ್ವಗೂ ಬಿಪಿ ಇತ್ತು. ಐವತ್ತೆಂಟನೇ ವರ್ಷಕ್ಕ ಲಕ್ವಾ ಹೊಡೀತು. ಆಷಾಢ ಏಕಾದಶಿ ದಿವಸ, ದೇವರ ಮುಂದ ತುಳಸಿ ಏರಿಸಿಕೋತ ಕೂತಾಕಿ ಹಂಗ ಬಾಜೂಕ ವಾಲಿದ್ಲು. ನೋಡಲಿಕ್ಕೆ ಬಂದವರೆಲ್ಲಾ, "ಪುಣ್ಯವಂತಿ, ಏಕಾದಶಿ ದಿನಾ, ದೇವರ ಎದುರಿಗೆ," ಅಂತ ಕೈ ಮುಗದು ಹೋದ್ರು. ನಾವೂ ಬಂದವರಿಗೆಲ್ಲಾ ಅದನ್ನ ಹೇಳಿದ್ವಿ, ಸ್ವಲ್ಪ ಅಭಿಮಾನದಿಂದಾನ. ಆ ಪುಣ್ಯವಂತಿ ಮುಂದ ಒಂಬತ್ತು ವರ್ಷ ಬೆಳಗಾವ್ಯಾಗ ನನ್ನ ತಂಗಿ ಶೈಲಾನ ಮನ್ಯಾಗ ಹಾಸಿಗಿ ಹಿಡದು, ನಾಲ್ಕು ವರ್ಷದ ಹಿಂದ ತೀರಿಕೊಂಡ್ಲು. ತಿಂಗಳಿಗೆ ಒಂದ ವಾರ ನಾ ಹೋಗತಿದ್ದೆ. ಬಲಗಡೆ ಕೈಕಾಲು ಇಲ್ಲ. ಮಾತು ಇಲ್ಲ. ನನ್ನ ನೋಡಿದ್ರ "ವಿ... ವಿ..." ಅಂತಿದ್ಲು, ಅದರ ಮುಂದ ಬರತಿದ್ದಿಲ್ಲ, ಬರಲಿಲ್ಲಂತ ಅಳತಿದ್ಲು. ಆಕಿಗೆ ಉಣಿಸಿ ಬಾಯಿ ಒರಸುವಾಗೆಲ್ಲಾ ನನ್ನ ಮನಸಿನ್ಯಾಗ ಒಂದ ಮಾತು ಬರೂದು: ದೇವರೇ, ನನ್ನ ಮಗಳ ಕಡೆಯಿಂದ ಇದನ್ನ ಮಾಡಸಬ್ಯಾಡ.

ಆ ರಿಪೋರ್ಟ್ ಬಂದಾಗಿಂದ ಮುಂಜಾನೆ ಹಲ್ಲು ತಿಕ್ಕುವಾಗ ಕನ್ನಡಿ ಮುಂದ ಬಾಯಿ ಕಿಸದು ನೋಡ್ಲಿಕ್ಕೆ ಹತ್ತಿದೆ, ಎರಡೂ ಕಡೆ ಸಮಾ ಅದನೋ ಇಲ್ಲೋ. ನನ್ನ ಹೆಸರು ನಾನ ಜೋರಾಗಿ ಹೇಳತಿದ್ದೆ. ಮಾನಸಿ ಬಚ್ಚಲದ ಹೊರಗಿಂದ, "ಅಮ್ಮಾ, ಯಾರ ಕೂಡ ಮಾತಾಡ್ಲಿಕ್ಕೆ ಹತ್ತೀ?" ಅಂತ ಕೇಳಿದ್ರ, "ನಿಮ್ಮಜ್ಜಿ ಕೂಡ," ಅಂತಿದ್ದೆ. ಕೈ ಜೋಂ ಹಿಡದ್ರೂ ಎದಿ ಧಸಕ್ ಅನ್ನೂದು. ಚಪಾತಿ ಲಟ್ಟಿಸಿ ಲಟ್ಟಿಸಿ ಕೈ ಜೋಂ ಹಿಡೀದ ಇನ್ನೇನಾಗಬೇಕು, ಆದ್ರ ಅಂಜಿಕಿಗೆ ಬುದ್ಧಿ ಎಲ್ಲಿರತದ್ರಿ?

ಮನ್ಯಾಗ ಮಷೀನ್ ಬಂತು. ನೋಡೂ ಕೆಲಸಾ ಮಾನಸಿ ವಹಿಸಿಕೊಂಡ್ಲು. ನೋಟ್‌ಬುಕ್ ಹಾಕಿದ್ರ ನಾ ಕಳೀತೀನಿ ಅಂತ ಆಕಿಗೆ ಗೊತ್ತು. ಅಡಗಿಮನಿ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್‌ದಾಗ, ಆಯಾ ತಾರೀಖಿನ ಚೌಕದಾಗನ ಬರದ್ಲು. ಕಡಿಮಿ ಇದ್ರ ನೀಲಿ ಪೆನ್ನು, ಜಾಸ್ತಿ ಇದ್ರ ಕೆಂಪು. ಹಾಲು ಮೊಸರಿನ ಗೀಟು, ಗ್ಯಾಸ್ ಬಂದ ದಿನಾ, ಅದರ ಬಾಜೂಕ ನನ್ನ ಬಿಪಿ.

ತಿಂಗಳ ಮುಗೀತು, ಗುರುವಾರ ಬಂತು. ನಮ್ಮ ಮನಿಯವರು ಕ್ಯಾಲೆಂಡರನ್ನ ಮೊಳಿಯಿಂದ ತಗದು, ಸುರುಳಿ ಸುತ್ತಿ, ಬಗಲಾಗ ಹಿಡಕೊಂಡು ದವಾಖಾನಿಗೆ ನಡದ್ರು. ನನಗ ನಾಚಿಕಿ ಆಗಿ ಹೋತು. "ಬ್ಯಾರೆ ಹಾಳ್ಯಾಗ ಬರಕೊಂಡು ಬರಬಾರದೇನ್ರಿ?" ಅಂದೆ. "ಇದ್ದದ್ದು ಇದ್ದಂಗ ತೋರಸೂಣು," ಅಂದ್ರು. ಒಳ್ಳೇದಾತು ಹಂಗಂದದ್ದು.

ಮ್ಯಾಡಮ್ ಕ್ಯಾಲೆಂಡರ್ ಬಿಚ್ಚಿ ಮೇಜಿನ ಮ್ಯಾಲೆ ಹಾಸಿದ್ರು. ಒಂದ ತುದೀಗೆ ಪೇಪರ್‌ವೇಟ್, ಇನ್ನೊಂದಕ್ಕ ನಮ್ಮ ಮನಿಯವರ ಕೈ. ನೀಲಿ ನೋಡಿದ್ರು, ಕೆಂಪು ನೋಡಿದ್ರು. ಬೆರಳು ಒಂದ ಕಂಬದ ಮ್ಯಾಲಿಂದ ಕೆಳಗ ಇಳೀತು, ಪೂರಾ ಕೆಂಪು. ಎರಡ ಕಂಬ ಬಿಟ್ಟು ಮತ್ತ ಇಳೀತು, ಅದೂ ಕೆಂಪು. ಆಮ್ಯಾಲೆ ಚೌಕದಾಗ ಸಣ್ಣ ಅಕ್ಷರದಾಗ ಅಚ್ಚು ಹಾಕಿದ್ದನ್ನ ಓದಿದ್ರು.

"ವಿಜಯಾತಾಈ, ಇದು ಸೋಮವಾರ. ಇದು ಗುರುವಾರ. ಇದು ಏಕಾದಶಿ, ಇದು ಸಂಕಷ್ಟಿ. ನೀವು ಉಪವಾಸ ಮಾಡತೀರಿ?"

"ಹೌದ್ರಿ. ಮದಿವಿಗಿಂತ ಮೊದಲಿಂದ."

"ಉಪವಾಸದ ದಿನಾ ಗುಳಿಗಿ?"

"ಉಪವಾಸದ ದಿನಾ ಹೆಂಗ ತಗೊಳ್ಳಿಕ್ಕೆ ಬರತದ್ರಿ? ಊಟಾ ಆದ ಮ್ಯಾಲೆ ತಗೋರಿ ಅಂತ ನೀವ ಬರದೀರಿ. ಉಪವಾಸದಾಗ ಊಟಾ ಎಲ್ಲಿಂದ ಬರಬೇಕು?"

"ಅಂದ್ರ ಏನೂ ತಿನ್ನಂಗಿಲ್ಲ?"

"ತಿಂತೀನಿ. ಸಾಬೂದಾಣಿ ಖಿಚಡಿ, ಬಟಾಟಿ, ಶೇಂಗಾ ಉಂಡಿ. ಆದ್ರ ಅದು ಊಟಾ ಅಲ್ಲಲಾ, ಫಳಾರ."

ಹೇಳುವಾಗ ನನಗ ಒಂದೀಟೂ ಅನುಮಾನ ಇದ್ದಿಲ್ಲ ನೋಡ್ರಿ. ಇಷ್ಟ ಓದಿದ ಡಾಕ್ಟರಿಗೆ ಇದೂ ಗೊತ್ತಿಲ್ಲಲ್ಲ ಅಂತ ಒಳಗೊಳಗ ಮರುಗಿದೆ ಕೂಡ.

ಮ್ಯಾಡಮ್ ಚಷ್ಮಾ ತಗದು ಮೇಜಿನ ಮ್ಯಾಲಿಟ್ರು. ಅವರು ಸಿಟ್ಟಾದದ್ದನ್ನ ನಾ ಅವತ್ತ ಮೊದಲನೇ ಸಲ ನೋಡಿದ್ದು. "ಆರು ವರ್ಷ ನೀವು ಗುರುವಾರನ ಬಂದೀರಿ. ಆರು ವರ್ಷ ನಾ ಗುಳಿಗಿ ಬೀಳದ ದಿನದ ಬಿಪಿ ನೋಡಿ ಗುಳಿಗಿ ಏರಿಸೀನಿ. ಉಳದ ದಿನಾ ಮೂರು ಗುಳಿಗಿ ಒಮ್ಮೆ ಬಿದ್ದು ನೀವು ಮಾರ್ಕೆಟ್‌ದಾಗ ಬಿದ್ದೀರಿ. ಒಂದ ದಿನಾ ಏರೂದು, ಒಂದ ದಿನಾ ಇಳಿಯೂದು. ರಕ್ತನಾಳ ಬಿರುಸಾಗದ ಏನಾಗಬೇಕ್ರಿ? ಮ್ಯಾಲೆ ಖಿಚಡಿ, ಹೊಟ್ಟಿ ಒಳಗಿನ ಕೊಬ್ಬಿಗೆ ಅದೂ ಒಂದ ಕಾರಣ!" ಕೆಂಪು ಚೌಕ ಎಣಿಸಿದ್ರು. ಹನ್ನೊಂದು. "ತಿಂಗಳದಾಗ ಹನ್ನೊಂದ ದಿನಾ ನಿಮಗ ಔಷಧನ ಇಲ್ಲ. ಯಾರ ಕಲಿಸಿದ್ರು ಇದನ್ನ ನಿಮಗ?"

"ಯಾರೂ ಕಲಿಸಿಲ್ರಿ," ಅಂದೆ. "ನಮ್ಮ ಅವ್ವನೂ ಹಿಂಗ..."



ಅವ್ವನ ಗುಳಿಗಿ ಡಬ್ಬಿ ದೇವರ ಗೂಡಿನ ಬಾಜೂಕ ಇರತಿತ್ತು. ಏಕಾದಶಿ ದಿನಾ ನಾನ ತಂದು ಕೊಟ್ರ, "ಇವತ್ತ ಬ್ಯಾಡ ವಿಜು, ನಾಳೆ ದ್ವಾದಶಿ ಪಾರಣಿ ಆದ ಮ್ಯಾಲೆ," ಅಂತಿದ್ಲು. ಎಷ್ಟ ಸಲ ಅಂದಾಳ, ಎಷ್ಟ ಸಲ ನಾ ಆ ಡಬ್ಬಿ ತಿರಗಿ ಒಳಗಿಟ್ಟೀನಿ. ಆಷಾಢ ಏಕಾದಶಿಗೆ ಆಕಿ ಹನಿ ನೀರೂ ಕುಡೀತಿದ್ದಿಲ್ಲ. ಆ ದಿನಾ ಬಿದ್ಲು. ಬಿದ್ದ ಮ್ಯಾಲೆ ಹಾಸಿಗಿ ಹಿಡದವರಿಗೆ ಉಪವಾಸ ಇಲ್ಲಂತ, ನಾ ಹೋದಾಗ ಬಂದ ಏಕಾದಶಿಗೆ ನಾನ ಗುಳಿಗಿ ಅರದು ಚಮಚಾದಾಗ ಹಾಕೀನಿ. ಕಡೇ ಎರಡ ವರ್ಷ ನನಗೂ ಗುಳಿಗಿ ಇತ್ತು; ಆಕಿಗೆ ಹಾಕಿ, ಕೈ ತೊಳಕೊಂಡು, ನಾ ಮಾತ್ರ ನನ್ನ ಗುಳಿಗಿ ಬಿಟ್ಟು ಫಳಾರ ಮಾಡೀನಿ. ಕಣ್ಣ ಮುಂದಿತ್ತು. ಒಂಬತ್ತು ವರ್ಷ ಕಣ್ಣ ಮುಂದಿತ್ತು, ಕಾಣಲಿಲ್ಲ.

ನಾ ಆ ಖೋಲ್ಯಾಗ, ಹೊರಗ ಕೂತ ಮಂದಿಗೆ ಕೇಳೂ ಹಂಗ ಅತ್ತೆ. ದುಃಖಕ್ಕಿಂತ ಸಿಟ್ಟು ಜಾಸ್ತಿ ಇತ್ತು ಅದರಾಗ. ಅವ್ವನ ಮ್ಯಾಲೆ ಸಿಟ್ಟು, ಪುಣ್ಯವಂತಿ ಅಂದವರ ಮ್ಯಾಲೆ ಸಿಟ್ಟು, ನನ್ನ ಮ್ಯಾಲಂತೂ ಹೇಳಬ್ಯಾಡ್ರಿ. ನಮ್ಮ ಮನಿಯವರು ಏನ ಮಾಡಬೇಕು ತಿಳೀದ ಕ್ಯಾಲೆಂಡರ್ ಸುತ್ತಲಿಕ್ಕೆ ಹತ್ತಿದ್ರು. ಮ್ಯಾಡಮ್ ಎದ್ದು ಬಂದು ನನ್ನ ಬಾಜೂಕ ಕೂತ್ರು. "ನಮ್ಮ ಅತ್ತಿನೂ ಹಟಾ ಹಿಡದಿದ್ರು ತಾಈ. ಔಷಧ ಅನ್ನ ಅಲ್ಲ, ದೇವರು ಇದರ ಲೆಕ್ಕಾ ಇಡಂಗಿಲ್ಲ ಅಂತ ಹೇಳಿ ಹೇಳಿ ಸಾಕಾತು ನನಗ," ಅಂದ್ರು. ತಮ್ಮ ನೀರಿನ ಬಾಟ್ಲಿ ಕೈಯಾಗ ಕೊಟ್ರು. ಅವತ್ತ ಗುರುವಾರ. ಆರು ವರ್ಷದ ಗುರುವಾರದಾಗ ಮೊದಲನೇ ಸಲ, ಅವರ ಎದುರಿಗೆ, ನಾ ಗುಳಿಗಿ ನುಂಗಿದೆ.

ಈಗ ಎಂಟು ತಿಂಗಳಾತು. ಮೂರು ಗುಳಿಗಿ ಇದ್ದದ್ದನ್ನ ಮ್ಯಾಡಮ್ ಎರಡು ಮಾಡ್ಯಾರ. ಏಕಾದಶಿ ಬಿಟ್ಟಿಲ್ಲ ನಾ, ಉಳದದ್ದು ಬಿಟ್ಟೀನಿ. ಸೋಮವಾರ ಬಿಡುವಾಗ ಭಾಳ ಕಸಿವಿಸಿ ಆತು, ಏನರೆ ಆಗತದ ಅಂತ ಇಡೀ ದಿನಾ ಮನಿಯವರಿಗೆ ಫೋನ್ ಮಾಡಿ ಮಾಡಿ ಅವರ ತಲಿ ತಿಂದೆ. ಏಕಾದಶಿಗೂ ಖಿಚಡಿ ಬಂದ್, ಹಣ್ಣು ಹಾಲು. ಗಿರಾಕಿಗೆ ಖಿಚಡಿ ಮಾಡಿಕೊಡತೀನಿ, ಹುರದ ಶೇಂಗಾದ ವಾಸನಿಗೆ ಜೀವಾ ಹೋಗತದ, ಬಾಯಿಗೆ ಹಾಕಂಗಿಲ್ಲ. ಸಂಜಿಗೆ ನಡೀಲಿಕ್ಕೆ ಹೋಗತೀನಿ. ಮನಿಯವರು ಹಿಂದ ಉಳದು, "ಎಪ್ಪತ್ತರ ಮುದುಕಿ ಇಷ್ಟ ಜೋರ್ ನಡೀತಾಳೇನು!" ಅಂತ ಒದರತಾರ. ಹೊಟ್ಟಿ ಒಂದಿಷ್ಟು ಇಳದದ. ರಕ್ತನಾಳ ಮಾತ್ರ ಲಗೂನ ಮೆತ್ತಗಾಗಂಗಿಲ್ಲ, ಪೂರಾ ಆಗೂದೂ ಇಲ್ಲ ಅಂತ ಮ್ಯಾಡಮ್ ಸ್ಪಷ್ಟ ಹೇಳ್ಯಾರ. ಅಂಜಿಕಿನೂ ಹೋಗಿಲ್ಲ. ಮುಂಜಾನೆ ಕನ್ನಡಿ ಮುಂದ ಇನ್ನೂ ಬಾಯಿ ಕಿಸದು ನೋಡತೀನಿ.

ಆ ಗುರುವಾರದ್ದು ಒಂದ ಹೇಳೂದು ಉಳೀತು. ದವಾಖಾನಿಯಿಂದ ಹೊರಗ ಬಂದು, ಮನಿಯವರು ಸ್ಕೂಟರ್ ತಗೀಲಿಕ್ಕೆ ಹೋದ್ರು. ನಾ ಬಾಗಲ ಮುಂದಿನ ಪಾವಟಗಿ ಮ್ಯಾಲೆ ನಿಂತಿದ್ದೆ. ಒಮ್ಮೆಲೆ ತಂಗಿ ನೆನಪಾದ್ಲು. ಶೈಲಾಗ ಬಿಪಿ ಗುಳಿಗಿ ಸುರು ಆಗಿ ಮೂರು ವರ್ಷ ಆಗಿತ್ತು. ಅಲ್ಲೆ ನಿಂತು ಫೋನ್ ಹಚ್ಚಿದೆ.

"ಏನ ಅಕ್ಕಾ, ಈ ಹೊತ್ತಿನ್ಯಾಗ? ಅಂಗಡಿ ಬಂದ್ ಏನು?"

"ಶೈಲಾ, ಇವತ್ತ ಗುಳಿಗಿ ತಗೊಂಡೀ?"

"ಇವತ್ತ ಗುರುವಾರ ಅಲ್ಲೇನ? ನಾಳೆ ಊಟಾ ಆದ ಮ್ಯಾಲೆ ತಗೋತೀನಿ. ಯಾಕ?"

"ಅವ್ವ ಬಿದ್ದದ್ದು ಯಾವ ದಿವಸ ಹೇಳು."

"ಇದೇನ ಕೇಳತೀ ಈಗ? ಏಕಾದಶಿ ದಿವಸ. ಎಲ್ಲಾರಿಗೂ ಗೊತ್ತದ..."

ಆಕಿ ಅಷ್ಟಕ್ಕ ನಿಂತ್ಲು.  ಆ ಕಡೆ ಕುಕ್ಕರ್ ಸಿಟಿ ಹೊಡೀತು, ಎರಡನೇದೂ ಹೊಡೀತು. ಒಂಬತ್ತು ವರ್ಷ ಅವ್ವನ ಹೇಲು ಉಚ್ಚಿ ಬಳದಾಕಿ ಆಕಿ. ಆಕಿಗೆ ನಾ ಬಿಡಿಸಿ ಹೇಳೂದು ಏನೂ ಇದ್ದಿಲ್ಲ.

"ಅಕ್ಕಾ," ಅಂದ್ಲು. ದನಿ ಪೂರಾ ಇಳದಿತ್ತು. "ಫೋನ್ ಇಡಬ್ಯಾಡ. ನೀರು ತರತೀನಿ."